ಅಗತ್ಯವಾದದ್ದಕ್ಕೆ ಮಾತ್ರ ಒಪ್ಪಿಗೆ

ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅದು ಗೊತ್ತಿದ್ದದ್ದು ಬ್ಯಾಂಕಿನವರಿಗೆ ಮಾತ್ರ. ಬೀದಿಯವರು, ಅಂಗಡಿಯವರು, ನೆಂಟರು, ಸಿಟ್ಟು ಬಂದಾಗ ಹೆಂಡತಿ, ಎಲ್ಲರೂ ಅವನನ್ನು ಆಯ್ತಪ್ಪ ಎಂದೇ ಕರೆಯುತ್ತಿದ್ದರು. ಯಾರು ಏನು ಹೇಳಿದರೂ "ಆಯ್ತಪ್ಪಾ" ಎನ್ನುವುದು ಅವನ ಹುಟ್ಟುಗುಣ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಆಯ್ತಪ್ಪ ಅಷ್ಟಕ್ಕೇ ನಿಲ್ಲದೆ ಕರುವಿಗೆ ಹಗ್ಗ ತರಲು ಹೊರಟುಬಿಡುವವನು.

ಈ ಗುಣಕ್ಕೆ ನೀರೆರೆದವನು ಅವನ ಅಣ್ಣ. ಅಣ್ಣ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತನಾದವನು. ಮದುವೆಯಾಗಲಿಲ್ಲ. ಅಪ್ಪ ತೀರಿಕೊಂಡಾಗ ಆಯ್ತಪ್ಪ ಇನ್ನೂ ಚಡ್ಡಿ ಹಾಕುವ ವಯಸ್ಸಿನಲ್ಲಿದ್ದ. ಅಂದಿನಿಂದ ಅವನ ಶಾಲೆ, ಅವನ ಕ್ರಾಪು, ಅವನ ಕೆಲಸ, ಎಲ್ಲವನ್ನೂ ಅಣ್ಣನೇ ಗೊತ್ತು ಮಾಡಿದ. ಒಂದು ದಿನ ಬಾಗಿಲಲ್ಲೇ ನಿಂತು, "ಒಬ್ಬಳನ್ನ ನೋಡಿ ಬಂದಿದ್ದೀನಿ. ನಿನಗೆ ಸರಿಹೋಗ್ತಾಳೆ," ಎಂದ. "ಆಯ್ತಣ್ಣಾ," ಎಂದು ಆಯ್ತಪ್ಪ ತಟ್ಟೆ ತೊಳೆಯುವುದನ್ನು ಮುಂದುವರಿಸಿದ. ಇಷ್ಟು ಬೇಗ ಮುಗಿದ ಮದುವೆ ಮಾತುಕತೆ ಇನ್ನೊಂದಿರಲಾರದು. ಪುಣ್ಯಕ್ಕೆ ಅವಳು ನಿಜವಾಗಿಯೂ ಸರಿಹೋದಳು.

ಆಯ್ತಪ್ಪ ಕೆಲಸ ಮಾಡುತ್ತಿದ್ದದ್ದು ನೀರೆತ್ತುವ ಪಂಪುಗಳ ಬಿಡಿಭಾಗ ಮಾರುವ ಅಂಗಡಿಯಲ್ಲಿ. ಗಿರಾಕಿ ಸವೆದುಹೋದ ಸೀಲನ್ನೋ ಬೇರಿಂಗನ್ನೋ ತಂದು ಕೌಂಟರಿನ ಮೇಲಿಡುತ್ತಾನೆ. ಆಯ್ತಪ್ಪ ಅದರ ಜಿಡ್ಡು ಒರೆಸಿ, ಮೇಲಿನ ಅಂಕಿ ಓದಿ, ಕಂಪ್ಯೂಟರಿನಲ್ಲಿ ಕಂಪನಿಯ ವೆಬ್‌ಸೈಟು ತೆರೆದು, ಚಿತ್ರದೊಂದಿಗೆ ಹೋಲಿಸಿ, ಕಪಾಟಿನಿಂದ ಹೊಸದನ್ನು ತೆಗೆದು ಕೊಡಬೇಕು. ಆದರೆ ವೆಬ್‌ಸೈಟುಗಳು ಹೊಸ್ತಿಲಲ್ಲೇ ಅಡ್ಡಗಟ್ಟುತ್ತಿದ್ದವು. ಚಿತ್ರದ ಮೇಲೆ ಒಂದು ಚೌಕ ಬಂದು ಕುಳಿತು, "ನಿಮ್ಮ ಖಾಸಗಿತನ ನಮಗೆ ಅಮೂಲ್ಯ. ನಾವೂ ನಮ್ಮ ಎಂಟುನೂರು ಚಿಲ್ಲರೆ ಪಾಲುದಾರರೂ ನಿಮ್ಮ ಯಂತ್ರದಲ್ಲಿ ಕುಕೀಗಳನ್ನು ಇಡಲು ಒಪ್ಪುತ್ತೀರಾ?" ಎಂದು ಕೇಳುತ್ತಿತ್ತು. ಕೆಳಗೆ ಅಂಗೈ ಅಗಲದ ಹಸಿರು ಗುಂಡಿ: ಎಲ್ಲವನ್ನೂ ಒಪ್ಪುತ್ತೇನೆ. ಪಕ್ಕದಲ್ಲಿ ಇರುವೆ ಸಾಲಿನಂಥ ಬೂದು ಅಕ್ಷರ: ಆಯ್ಕೆಗಳನ್ನು ಹೊಂದಿಸಿ. ಅಷ್ಟೊಂದು ಮರ್ಯಾದೆಯಿಂದ ಕೇಳುವವರಿಗೆ ಇಲ್ಲ ಎನ್ನುವುದು ಹೇಗೆ? ಆಯ್ತಪ್ಪ ಹಸಿರನ್ನೇ ಒತ್ತುತ್ತಿದ್ದ. ಎಷ್ಟೋ ಸಲ ಬಾಯಲ್ಲೂ "ಆಯ್ತಪ್ಪಾ" ಎನ್ನುತ್ತಿದ್ದ.

ಹೀಗಿರುವಾಗ ಅವನಿಗೆ ಮೂಲವ್ಯಾಧಿ ಕಾಣಿಸಿಕೊಂಡಿತು. ಹೆಂಡತಿಗೆ ಹೇಳಲೂ ನಾಚಿಕೆ. ಊಟದ ಬಿಡುವಿನಲ್ಲಿ, ಯಾರೂ ಇಲ್ಲದ ಹೊತ್ತು ನೋಡಿ, ಅಂಗಡಿಯ ಕಂಪ್ಯೂಟರಿನಲ್ಲೇ ಅದರ ಬಗ್ಗೆ ಹುಡುಕಿದ. ಎದುರಾದ ಚೌಕಗಳಿಗೆಲ್ಲ ಹಸಿರು ಒತ್ತಿದ. ಬಿಸಿನೀರಿನಲ್ಲಿ ಕೂರಬೇಕು ಎಂಬ ಸಲಹೆ ಓದಿ, ಅರ್ಧ ಗುಣವಾದವನಂತೆ ನಿಟ್ಟುಸಿರು ಬಿಟ್ಟು ಪುಟ ಮುಚ್ಚಿದ.

ಮರುದಿನ ದೊಡ್ಡ ಕಾರ್ಖಾನೆಯೊಂದರ ಖರೀದಿ ಅಧಿಕಾರಿ ಬಂದಳು. ಅಂಥ ಗಿರಾಕಿ ಬರುವುದು ಅಪರೂಪ. ಅಂಗಡಿಯ ಯಜಮಾನರು ಖುದ್ದಾಗಿ ಎದ್ದು ಬಂದು, ಆಯ್ತಪ್ಪನ ಬೆನ್ನ ಹಿಂದೆ ನಿಂತು, "ಮೇಡಂಗೆ ಆ ದೊಡ್ಡ ಪಂಪಿನ ಒಳಚಕ್ರ ತೋರಿಸಪ್ಪಾ," ಎಂದರು. ಪುಟ ತೆರೆಯಿತು. ಚಕ್ರದ ಚಿತ್ರ ಬಂತು. ಅದರ ಎಡಕ್ಕೂ ಬಲಕ್ಕೂ ನಡುವೆ ತೂತಿರುವ ಕೆಂಪು ದಿಂಬುಗಳು ಬಂದವು. ಮೇಲೆ, ಮಿನುಗುವ ಅಕ್ಷರಗಳಲ್ಲಿ, "ಕೂರಲು ಕಷ್ಟವೇ? ನೀವು ಒಬ್ಬರೇ ಅಲ್ಲ" ಎಂದಿತ್ತು.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ದಿಂಬನ್ನು ನೋಡಿದಳು. "ಇದು ಪಂಪಿನ ಯಾವ ಭಾಗಕ್ಕೆ ಬರುತ್ತೆ?" ಎಂದು ಕೇಳಿದಳು.

ಅವಳು ಹೋದ ಮೇಲೆ ಯಜಮಾನರು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರದು ಕರುಣೆಯ ಸ್ವಭಾವ. ಗೋದಾಮಿನ ಹಿಂದಿನ ಗೋಡೆಗೂ ಕೇಳುವಂತೆ, "ನೋಡ್ರಪ್ಪಾ, ಇವತ್ತಿಂದ ಇವನಿಗೆ ಮರದ ಕುರ್ಚಿ ಬೇಡ. ಪಾಪ, ಮೆತ್ತಗಿರೋದು ಏನಾದ್ರೂ ಹಾಕಿಕೊಡಿ," ಎಂದರು.

ಅಂಗಡಿಯ ಲೆಕ್ಕ ನೋಡಿಕೊಳ್ಳುತ್ತಿದ್ದ ಮೇಡಂ ಮೆತ್ತೆ ತಂದುಕೊಟ್ಟು, ನಡೆದದ್ದೇನೆಂದು ಬಿಡಿಸಿ ಹೇಳಿದರು.

"ನೀವು ಎಲ್ಲಿ ಹೋಗ್ತೀರಿ, ಏನು ಹುಡುಕ್ತೀರಿ, ಎಲ್ಲಾ ಅವರಿಗೆ ಗೊತ್ತಾಗುತ್ತೆ. ಕುಕೀ ಅಂದ್ರೆ ಅದೇ. ನಿಮ್ಮ ಬೆನ್ನಿಗೆ ಬಿಟ್ಟ ಗೂಢಚಾರ."

"ಯಾರು ಬಿಟ್ಟಿದ್ದು?"

"ನೀವೇ. ದಿನಾ ಒಪ್ಪಿಗೆ ಅಂತ ಒತ್ತುತ್ತಾ ಇದ್ದೀರಲ್ಲ."

"ಅವರು ಕೇಳಿದ್ರು, ಕೊಟ್ಟೆ."

"ಕೇಳಿದವರಿಗೆಲ್ಲಾ ಕೊಟ್ಟುಬಿಡ್ತೀರಾ?"

ಹುಟ್ಟಿದಂದಿನಿಂದ ಆಯ್ತಪ್ಪನಿಗೆ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅವನು ಹೊಸ ಮೆತ್ತೆಯ ಮೇಲೆ ಕುಳಿತು ಮತ್ತೆ ಮೌಸು ಹಿಡಿದ.

ಆಮೇಲೆ, ಮೇಡಂ ತೋರಿಸಿಕೊಟ್ಟ ದಾರಿಯಲ್ಲಿ, ಮೊದಲ ಸಲ ಆ ಬೂದು ಅಕ್ಷರಗಳನ್ನು ಒತ್ತಿದ. ಒಳಗೆ ಬೇರೆಯೇ ಲೋಕವಿತ್ತು. ಪಾಲುದಾರರೆಲ್ಲ ಸಾಲುಗಟ್ಟಿ ನಿಂತಿದ್ದರು. ಒಬ್ಬೊಬ್ಬರ ಮುಂದೆಯೂ ಉರಿಯುವ ಒಂದು ಪುಟ್ಟ ಸ್ವಿಚ್ಚು. ಒಂದು ಕಡೆ ಆರಿದವರು 'ನ್ಯಾಯವಾದ ಹಿತಾಸಕ್ತಿ' ಎಂಬ ಇನ್ನೊಂದು ಕೋಣೆಯಲ್ಲಿ ಮತ್ತೆ ಉರಿಯುತ್ತಿದ್ದರು, ಬಾಗಿಲಿಂದ ಓಡಿಸಿದ ಬೆಕ್ಕು ಕಿಟಕಿಯಿಂದ ಬಂದ ಹಾಗೆ. ಆಯ್ತಪ್ಪ ಅಲ್ಲಿಗೂ ಹೋಗಿ ಆರಿಸಿದ. ಕೊನೆಗೆ 'ಅಗತ್ಯವಾದದ್ದಕ್ಕೆ ಮಾತ್ರ ಒಪ್ಪಿಗೆ' ಎಂದು ಒತ್ತಿದಾಗ ಚೌಕ ಮಾಯವಾಯಿತು. ಯಾರೂ ಮುಖ ಊದಿಸಿಕೊಳ್ಳಲಿಲ್ಲ. ಯಾರೂ ಮಾತು ಬಿಡಲಿಲ್ಲ. ಇಲ್ಲ ಎಂದರೂ ಪುಟ ತೆರೆಯಿತು! ಆಯ್ತಪ್ಪನ ಮಟ್ಟಿಗೆ ಇದು ಸಣ್ಣ ಸುದ್ದಿಯಲ್ಲ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಆಯ್ತಪ್ಪ ಆ ಕೊಡೆಯನ್ನು ನಡುಹಗಲಲ್ಲೇ, ಗಿರಾಕಿಗಳ ಎದುರಿಗೇ ಬಿಚ್ಚಿದ. ಸೀಲು ಕೇಳಲು ಬಂದವರು ಟೀ ಕುಡಿದು ಬಂದರೂ ಅವನು ಇನ್ನೂ ಸ್ವಿಚ್ಚು ಆರಿಸುತ್ತಿದ್ದ.

"ಏನಪ್ಪಾ, ಸಿಕ್ತಾ?" ಎಂದು ಒಬ್ಬ ಗಿರಾಕಿ ಕೇಳಿದ.

"ಸ್ವಲ್ಪ ಇರಿ. ಪಾಲುದಾರರು ಬಹಳ ಇದ್ದಾರೆ. ಒಬ್ಬೊಬ್ಬರನ್ನೇ ತೆಗೀತಾ ಇದ್ದೀನಿ."

ಗಿರಾಕಿ ಗಾಬರಿಯಾಗಿ ಹೊರಗೆ ಹೋಗಿ ಈ ಮಾತನ್ನು ಬೀದಿಗೆ ಹಂಚಿದ. ಸಂಜೆಯ ಹೊತ್ತಿಗೆ ಅಂಗಡಿಯಲ್ಲಿ ಪಾಲಿದ್ದ ಯಜಮಾನರ ತಮ್ಮ ಓಡಿ ಬಂದು, "ನನ್ನನ್ನ ತೆಗೆಯೋಕೆ ಅವನ್ಯಾರು? ನನ್ನ ಪಾಲು ಎಲ್ಲಿ?" ಎಂದು ಕೌಂಟರು ಗುದ್ದಿದ. ಅವನನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಯಜಮಾನರಿಗೆ ಸಾಕುಸಾಕಾಯಿತು. ಇದೆಲ್ಲ ಯಾತರದ್ದು ಎಂದು ಮೇಡಂ ಅವರನ್ನು ವಿಚಾರಿಸಿದಾಗ, "ಅವರು ಕುಕೀ ಬೇಡ ಅಂತಿದ್ದಾರೆ ಸಾರ್," ಎಂಬ ಉತ್ತರ ಬಂತು. ಯಜಮಾನರಿಗೆ ಗೊತ್ತಿದ್ದ ಕುಕೀ ಒಂದೇ, ಟೀಗೆ ಅದ್ದಿಕೊಂಡು ತಿನ್ನುವಂಥದ್ದು. "ಅಯ್ಯೋ ಪಾಪ," ಎಂದು ಅವರು ಕೈಚೆಲ್ಲಿದರು. "ಮೊದಲೇ ಆ ಕಾಯಿಲೆ. ಈಗ ಸಕ್ಕರೆ ಕಾಯಿಲೆ ಬೇರೆ."

ಇಷ್ಟಕ್ಕೆ ನಿಂತಿದ್ದರೆ ಅಂಗಡಿಯ ಮಾತು ಅಂಗಡಿಯಲ್ಲೇ ಉಳಿಯುತ್ತಿತ್ತು. ಆಯ್ತಪ್ಪ ಹೊಸ ವಿದ್ಯೆಯನ್ನು ಮನೆಗೂ ಕೊಂಡೊಯ್ದ. ಅವನಿದ್ದ ವಸತಿ ಕಟ್ಟಡದ ಸಂಘಕ್ಕೆ ಒಬ್ಬ ಕಾರ್ಯದರ್ಶಿ ಇದ್ದ, ಎದುರು ಮನೆಯವನು. ತನ್ನ ಮನೆಯಲ್ಲಿ ಹಿಡಿಸದ್ದನ್ನೆಲ್ಲ ಆಯ್ತಪ್ಪನ ಮನೆಯಲ್ಲಿಡುವುದು ಅವನ ಹಳೆಯ ರೂಢಿ. ಒಂದು ಭಾನುವಾರ ಅವನು ಬಂದು, "ಮನೆಗೆ ಬಣ್ಣ ಹೊಡೆಸ್ತಾ ಇದ್ದೀವಿ. ನಮ್ಮ ಬೀರು ನಿಮ್ಮ ಹಾಲ್‌ನಲ್ಲಿ ಇಟ್ಟಿರ್ತೀನಿ, ಆಯ್ತಲ್ಲ?" ಎಂದ. ಕೇಳುವ ಮೊದಲೇ ಇಬ್ಬರು ಆಳುಗಳು ಬೀರು ಹೊತ್ತು ಬಾಗಿಲ ಮುಂದಿನ ಮೆಟ್ಟಿಲ ತಿರುವಿಗೆ ಬಂದಿದ್ದರು.

"ಯಾವ ಉದ್ದೇಶಕ್ಕೆ?" ಎಂದ ಆಯ್ತಪ್ಪ.

ಕಾರ್ಯದರ್ಶಿ ತಬ್ಬಿಬ್ಬಾದ. "ಬೀರು ಇಡೋ ಉದ್ದೇಶಕ್ಕೆ."

"ಎಷ್ಟು ಕಾಲ? ಮಧ್ಯೆ ಯಾರ್ಯಾರು ಬಂದು ತೆಗೆದು ನೋಡ್ತಾರೆ?"

"ನನ್ನ ಹೆಂಡತಿ ಸೀರೆ ತಗೊಳ್ಳೋಕೆ ಬರಬಹುದು. ಏನ್ರೀ ಇದು, ಪೊಲೀಸ್ ವಿಚಾರಣೆ?"

"ಅಗತ್ಯವಾದದ್ದಕ್ಕೆ ಮಾತ್ರ ಒಪ್ಪಿಗೆ," ಎಂದು ಆಯ್ತಪ್ಪ ಗಂಭೀರವಾಗಿ ಹೇಳಿದ. "ಸೀರೆ ಇಡಬಹುದು. ಬೀರು ಬೇಡ."

ಆಳುಗಳು ಬೀರುವನ್ನು ಇದ್ದಲ್ಲೇ ಇಳಿಸಿ, ತಮಗೆ ಬೇರೆ ಕೆಲಸವಿದೆ ಎಂದು ಹೊರಟುಹೋದರು. ಬಣ್ಣ ಹೊಡೆಯುವವರು ಆಗಲೇ ಒಳಗೆ ಸೇರಿಕೊಂಡಿದ್ದರು. ಬೀರು ಮೆಟ್ಟಿಲ ತಿರುವಿನಲ್ಲಿ ಬೆಳೆದ ಮರದಂತೆ ನಿಂತುಬಿಟ್ಟಿತು. ಮೇಲಿನ ಮನೆಯವರೆಲ್ಲ ಅಡ್ಡಡ್ಡ ನುಸುಳಿಕೊಂಡು ಓಡಾಡತೊಡಗಿದರು. ಮೂರನೇ ಮಹಡಿಯ ದಪ್ಪನೆಯ ವಕೀಲರಿಗೆ ಅದೂ ಆಗದೆ, ಮನೆಯಲ್ಲೇ ಕೂತು ಕಕ್ಷಿದಾರರಿಗೆ ಫೋನಿನಲ್ಲಿ ಸಲಹೆ ಕೊಟ್ಟರು.

ಆ ವಾರದಲ್ಲೇ ಹೆಂಡತಿ, "ನಮ್ಮಮ್ಮ ಬರ್ತಾಳಂತೆ," ಎಂದಳು. "ಬರ್ಲಿ. ಆದ್ರೆ ಅವರದು ನ್ಯಾಯವಾದ ಹಿತಾಸಕ್ತಿ ತಾನೇ?" ಎಂದ ಆಯ್ತಪ್ಪ. ಆಮೇಲೆ ಆ ಮನೆಯಲ್ಲಿ ಪಾತ್ರೆಗಳ ಹೊರತು ಯಾರೂ ಮಾತಾಡಲಿಲ್ಲ. "ಇಷ್ಟು ವರ್ಷ ಎಲ್ಲದಕ್ಕೂ ಹೂಂ ಅಂತಾರಲ್ಲಾ ಅಂತ ಅಳ್ತಿದ್ದೆ," ಎಂದು ಅವಳು ಕಾರ್ಯದರ್ಶಿಯ ಹೆಂಡತಿಯ ಹತ್ತಿರ ಹೇಳಿಕೊಂಡಳು. "ಈಗ ಉಹೂಂ ಅಂತಾರಲ್ಲಾ ಅಂತ ಅಳಬೇಕಾಗಿದೆ. ನನ್ನ ಹಣೆಬರಹದಲ್ಲಿ ಅಳೋದೊಂದೇ ಸ್ಥಿರ."

ಸಂಘದವರು ಸಭೆ ಕರೆಯುವವರಿದ್ದರು. ಯಜಮಾನರೂ ಒಂದು ಕಡೆಯ ಮಾತು ಹೇಳುವವರಿದ್ದರು. ಅಷ್ಟರಲ್ಲಿ ಒಂದು ಬೆಳಗ್ಗೆ ಅಣ್ಣನ ಫೋನು ಬಂತು.

ಅಣ್ಣ ಫೋನಿನಲ್ಲಿ ಕ್ಷೇಮಸಮಾಚಾರ ಕೇಳುವವನಲ್ಲ, ಅಪ್ಪಣೆ ಕೊಟ್ಟು ಇಡುವವನು. ಅವತ್ತು ಅಪ್ಪಣೆಯೂ ಬರಲಿಲ್ಲ. ಬರೀ ಉಸಿರು ಕೇಳಿಸಿತು. ಆಯ್ತಪ್ಪ ಚಪ್ಪಲಿ ಮರೆತು ಓಡಿದ. ಹೆಂಡತಿ ಅವನ ಚಪ್ಪಲಿ ಹಿಡಿದುಕೊಂಡು ಹಿಂದೆ ಓಡಿದಳು. ಅಣ್ಣ ತನ್ನ ಮನೆಯ ಅಡುಗೆ ಕೋಣೆಯ ನೆಲದ ಮೇಲೆ ಪಕ್ಕೆ ಹಿಡಿದುಕೊಂಡು ಮುದುಡಿದ್ದ. ಇಡೀ ಶಾಲೆಯನ್ನು ಬೆನ್ನು ನೆಟ್ಟಗೆ ಮಾಡಿ ನಿಲ್ಲಿಸುತ್ತಿದ್ದ ಮನುಷ್ಯ ಹಾಗೆ ಮುದುಡಿದ್ದನ್ನು ಆಯ್ತಪ್ಪ ಎಂದೂ ನೋಡಿರಲಿಲ್ಲ.

ಆಸ್ಪತ್ರೆಯಲ್ಲಿ ಪರೀಕ್ಷೆಗಳಾದವು. ಪಿತ್ತಕೋಶದಲ್ಲಿ ಕಲ್ಲು, ಒಳಗೆ ಕೀವೂ ಆಗಿದೆ, ಇವತ್ತೇ ಆಪರೇಷನ್ ಆಗಬೇಕು ಎಂದು ಡಾಕ್ಟರು ಹೇಳಿದರು. ಅಣ್ಣನಿಗೆ ಹಸಿರು ನಿಲುವಂಗಿ ತೊಡಿಸಿ, ಚಕ್ರದ ಮಂಚದ ಮೇಲೆ ಮಲಗಿಸಿ, ಆಪರೇಷನ್ ಕೋಣೆಯ ಹೊರಗಿನ ಓಣಿಯಲ್ಲಿ ನಿಲ್ಲಿಸಿದ್ದರು. ಸಿಸ್ಟರ್ ಒಂದು ಕಾಗದ ಹಿಡಿದುಕೊಂಡು ಬಂದರು.

"ಪೇಷಂಟ್ ಸಹಿ ಆಗಿದೆ. ಮನೆಯವರದ್ದೂ ಒಂದು ಬೇಕು. ಇಲ್ಲಿ ಹಾಕಿ."

ಆಯ್ತಪ್ಪ ಕಾಗದ ತೆಗೆದುಕೊಂಡು ಓದತೊಡಗಿದ. ಸಿಸ್ಟರ್ ಪೆನ್ನು ಚಾಚಿಕೊಂಡೇ ನಿಂತರು. ರಕ್ತಸ್ರಾವವಾಗಬಹುದು ಎಂದಿತ್ತು. ಸೋಂಕು ಆಗಬಹುದು ಎಂದಿತ್ತು. ಅರಿವಳಿಕೆಯಿಂದ, ಬಹಳ ಅಪರೂಪಕ್ಕೆ, ಸಾವು ಸಂಭವಿಸಬಹುದು ಎಂದಿತ್ತು. ಇವೆಲ್ಲವನ್ನೂ ತಿಳಿದು ನಾನು ಒಪ್ಪಿಗೆ ನೀಡಿದ್ದೇನೆ ಎಂದು ಕೊನೆಯಲ್ಲಿತ್ತು.

"ಸಿಸ್ಟರ್," ಎಂದ ಅವನು. "ಇದರಲ್ಲಿ ಅಗತ್ಯವಾದದ್ದಕ್ಕೆ ಮಾತ್ರ ಒಪ್ಪಿಗೆ ಕೊಡಬಹುದಾ?"

"ಅಂದ್ರೆ?"

"ಆಪರೇಷನ್‌ಗೆ ಒಪ್ಪಿಗೆ. ರಕ್ತಕ್ಕೂ ಒಪ್ಪಿಗೆ, ಹೋಗ್ಲಿ. ಈ ಕೊನೇದೊಂದು ಬೇಡ. ಇದನ್ನ ಹೊಡೆದುಹಾಕಿ ಕೊಡಿ, ಸಹಿ ಹಾಕ್ತೀನಿ."

ಸಿಸ್ಟರ್ ಹಾಗೆಲ್ಲ ಮಾಡುವಂತಿಲ್ಲ ಎಂದರು. ಆಯ್ತಪ್ಪ ಹಾಗಾದರೆ ತಾನೂ ಸಹಿ ಮಾಡುವಂತಿಲ್ಲ ಎಂದ. ಒಳಗಿನಿಂದ ಡಾಕ್ಟರು ಕೈಗವಸು ಹಾಕಿಕೊಂಡೇ ಹೊರಗೆ ಬಂದು, ಏನು ತಡ ಎಂದರು. ಓಣಿಯ ಬೆಂಚಿನಲ್ಲಿದ್ದ ಬೇರೆ ರೋಗಿಗಳ ಕಡೆಯವರು ಎದ್ದು ಬಂದು ಸುತ್ತ ನಿಂತರು. ತಾವು ಓದದೆ ಸಹಿ ಹಾಕಿದ ಕಾಗದದಲ್ಲಿ ಇಂಥದ್ದೆಲ್ಲ ಇತ್ತೇ ಎಂದು ಒಬ್ಬಾತ ಬೆವರತೊಡಗಿದ.

ಮಂಚದ ಮೇಲಿಂದ ಅಣ್ಣ ಗದರಿದ. ನೋವಿನಲ್ಲೂ ಆ ಧ್ವನಿ ಮೈದಾನದ ಆಚೆ ತುದಿಗೆ ತಲುಪುವಂತಿತ್ತು.

"ಏ! ಏನೋ ನಾಟಕ? ಹಾಕೋ ಸಹಿ!"

"ಇಲ್ಲಣ್ಣ."

ಹೆಂಡತಿ ಗಂಡನ ಮುಖ ನೋಡಿದಳು. ಅಣ್ಣ ತಲೆಯೆತ್ತಲು ಹೋಗಿ ಆಗದೆ ಹಾಗೇ ಒರಗಿದ.

"ಯಾಕೆ?" ಎಂದು ಕೇಳಿದ. ತಮ್ಮನಿಗೆ ಅವನು ಈ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ನೀನು ಸತ್ತುಹೋಗಬಹುದು ಅಂತ ಬರೆದಿದ್ದಾರೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ."

ಅಣ್ಣ ಚಾವಣಿಯ ದೀಪವನ್ನೇ ನೋಡುತ್ತ ಮಲಗಿದ್ದ.

"ನನ್ನದೂ ಇಲ್ಲ ಕಣೋ," ಎಂದ ಸಣ್ಣಗೆ. ಆಮೇಲೆ ಎದ್ದು ಕೂರಲು ಹವಣಿಸುತ್ತ, "ನಡಿ, ಮನೆಗೆ ಹೋಗೋಣ," ಎಂದ.

ಈಗ ನಿಜವಾಗಿಯೂ ಕೆಟ್ಟಿತು. ಸಿಸ್ಟರ್ ಅಣ್ಣನ ಭುಜ ಒತ್ತಿ ಹಿಡಿದರು. ಡಾಕ್ಟರ ಮುಖ ಕೆಂಪಾಯಿತು. "ಮನೆಗೆ ಹೋದ್ರೆ ಏನಾಗುತ್ತೆ ಅಂತ ಆ ಕಾಗದದಲ್ಲಿ ಬರೆದಿಲ್ಲ. ನಾನು ಹೇಳ್ಲಾ?" ಎಂದರು. ಹೆಂಡತಿ ಗಂಡನ ಕೈಯಿಂದ ಕಾಗದ ತೆಗೆದುಕೊಂಡು ತಾನೂ ಓದಿದಳು.

"ರೀ," ಎಂದಳು. ಎಷ್ಟೋ ದಿನಗಳ ಮೇಲೆ ಅವಳು ಅವನೊಡನೆ ಆಡಿದ ಮೊದಲ ಮಾತು ಅದು. "ಅಣ್ಣ ಸಾಯಲಿ ಅಂತ ಯಾರೂ ನಿಮ್ಮ ಒಪ್ಪಿಗೆ ಕೇಳ್ತಾ ಇಲ್ಲ. ಅಪಾಯ ಇದೆ ಅಂತ ಗೊತ್ತಿದ್ದೂ ಉಳಿಸೋಕೆ ಹೊರಟಿದ್ದೀರಾ ಅಂತ ಕೇಳ್ತಾ ಇದ್ದಾರೆ. ಅಷ್ಟೇ."

ಆಯ್ತಪ್ಪ ಮಂಚದ ಹತ್ತಿರ ಹೋದ. ಅಣ್ಣನ ಕೈ ಹಿಡಿಯುವುದೋ ಬೇಡವೋ ತಿಳಿಯದೆ ಮಂಚದ ಕಬ್ಬಿಣದ ಕಂಬಿ ಹಿಡಿದುಕೊಂಡ.

"ಅಣ್ಣಾ, ನಿನಗೆ ಏನು ಬೇಕು?"

ಎಲ್ಲರಿಗೂ ಏನು ಬೇಕೆಂದು ತಾನೇ ನಿಶ್ಚಯಿಸುತ್ತ ಬಂದವನಿಗೆ, ತನಗೇನು ಬೇಕೆಂದು ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು.

"ಹೆದರಿಕೆ ಆಗ್ತಾ ಇದೆ," ಎಂದ. "ಆದ್ರೂ ಮಾಡಿಸ್ಕೋತೀನಿ. ನೀನು ಹೊರಗಡೆ ಇರ್ತೀಯಾ?"

"ಇಲ್ಲೇ ಇರ್ತೀನಿ. ಅಲ್ಲಾಡಲ್ಲ."

ಆಯ್ತಪ್ಪ ಸಹಿ ಹಾಕಿದ. ಹಾಕಿ, ಪಕ್ಕದ ಅಂಚಿನಲ್ಲಿ ದುಂಡಗೆ ಬರೆದ: 'ಪೂರ್ತಿ ಓದಿದ್ದೇನೆ. ಕೊನೆಯದು ಇಷ್ಟವಿಲ್ಲ.' ಸಿಸ್ಟರ್ ಅದನ್ನು ಡಾಕ್ಟರಿಗೆ ತೋರಿಸಿದರು. ಡಾಕ್ಟರು ಓದಿ, "ಇರಲಿ ಬಿಡಿ. ನನಗೂ ಇಷ್ಟ ಇಲ್ಲ," ಎಂದು ಒಳಗೆ ಹೋದರು. ಚಕ್ರದ ಮಂಚ ಕಿರುಗುಟ್ಟುತ್ತ ಒಳಗೆ ಸರಿಯಿತು. ಬಾಗಿಲು ಮುಚ್ಚಿಕೊಂಡಿತು.

ಗಂಡಹೆಂಡಿರು ಬೆಂಚಿನ ಮೇಲೆ ಕುಳಿತರು. ಬೆಂಚು ಗಟ್ಟಿಯಾಗಿತ್ತು. ಆಯ್ತಪ್ಪ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿ ಕೂರುತ್ತಿದ್ದ. ಹೆಂಡತಿ ತನ್ನ ಹೆಗಲ ಮೇಲಿನ ಶಾಲನ್ನು ಮಡಚಿ ಅವನ ಕೆಳಗೆ ತಳ್ಳಿದಳು.

"ನಿನಗೆ ಹೇಗೆ ಗೊತ್ತಾಯ್ತು?" ಎಂದ ಅವನು, ತಲೆ ತಗ್ಗಿಸಿ.

"ಯಜಮಾನರು ಮನೆಗೇ ಫೋನ್ ಮಾಡಿದ್ರು. ಸಕ್ಕರೆ ಕಾಯಿಲೆ ವಿಷಯಾನೂ ಹೇಳಿದ್ರು."

ಸ್ವಲ್ಪ ಹೊತ್ತಿನ ಮೇಲೆ ಅವಳು ಕೇಳಿದಳು:

"ನನ್ನನ್ನೂ ಓದದೆ ಒಪ್ಪಿಕೊಂಡವರು ತಾನೇ ನೀವು? ಅವತ್ತು ಅಣ್ಣ ಬಂದು ಹೇಳಿದಾಗ ಈಗಿನ ಬುದ್ಧಿ ಇದ್ದಿದ್ರೆ ಏನಂತಿದ್ರಿ?"

ಆಯ್ತಪ್ಪ ಯೋಚಿಸತೊಡಗಿದ. ಯಾರೋ ಔಷಧಿಯ ಗಾಡಿ ತಳ್ಳಿಕೊಂಡು ಹೋದರು. ಆ ಗಾಡಿ ಓಣಿಯ ತುದಿ ಮುಟ್ಟಿ ವಾಪಸ್ಸು ಬಂದರೂ ಅವನು ಯೋಚಿಸುತ್ತಲೇ ಇದ್ದ.

"ಇದಕ್ಕೆ ಇಷ್ಟೊಂದು ಯೋಚನೆ ಬೇಕೇನ್ರೀ?"

"ತಡಿ. ಪೂರ್ತಿ ಓದ್ತಾ ಇದ್ದೀನಿ."

ಅವಳು ಮುಖ ಆಚೆ ತಿರುಗಿಸಿದಳು. ಹೆಗಲು ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಅವನು ಗಾಬರಿಯಾದ. ನೋಡಿದರೆ ನಗುತ್ತಿದ್ದಳು. ಅವನು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ನಿಜವಾಗಿಯೂ ಅತ್ತಳು.

"ಓದಿ ಮುಗೀತಾ?" ಎಂದಳು, ಕಣ್ಣೊರೆಸಿಕೊಂಡು.

"ಇಲ್ಲ. ಇನ್ನೂ ಬಹಳ ಇದೆ. ಆದ್ರೂ ಒಪ್ಪಿಗೆ."

ಮಧ್ಯಾಹ್ನದ ಹೊತ್ತಿಗೆ ಬಾಗಿಲು ತೆರೆಯಿತು. ಡಾಕ್ಟರು ಹಣೆಯ ಬೆವರು ಒರೆಸಿಕೊಳ್ಳುತ್ತ ಬಂದು, ಕಲ್ಲಿನ ಸಮೇತ ಪಿತ್ತಕೋಶ ತೆಗೆದದ್ದಾಯಿತು, ಇನ್ನು ಒಂದು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು. ಆ ಒಂದು ಗಂಟೆಯಲ್ಲಿ ತನ್ನ ಪಾಲೆಷ್ಟು ಎಂದು ಆಯ್ತಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹೆಂಡತಿ ಅವನ ತೋಳು ಹಿಡಿದುಕೊಂಡಳು.

ಅಣ್ಣನಿಗೆ ಎಚ್ಚರವಾದಾಗ ಕಿಟಕಿಯ ಬಿಸಿಲು ಹೊದಿಕೆಯ ಮೇಲಿತ್ತು. ಅವನು ಕಣ್ಣು ತಿರುಗಿಸಿ ಕೋಣೆಯನ್ನೆಲ್ಲ ನೋಡಿದ. ಪಕ್ಕದ ಮೇಜಿನ ಮೇಲಿದ್ದ ನೀರಿನ ಹೂಜಿಯ ಮೇಲೆ ನೋಟ ನಿಂತಿತು. ತುಟಿ ಸೀಳುಬಿಟ್ಟಿತ್ತು.

"ನೀರು ಕುಡೀಲಾ?" ಎಂದು ಕೇಳಿದ.

ಯಾರನ್ನು ಕೇಳುತ್ತಿದ್ದಾನೆಂದು ಆಯ್ತಪ್ಪ ಹಿಂತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ಈಗ ಬೇಡ ಅಣ್ಣಾ," ಎಂದ. "ಸಂಜೆವರೆಗೂ ಕೊಡಬೇಡಿ ಅಂದಿದ್ದಾರೆ."

ಅಣ್ಣ ಹೂಜಿಯನ್ನು ಇನ್ನೊಮ್ಮೆ ನೋಡಿ, ವಾದಿಸದೆ ಕಣ್ಣು ಮುಚ್ಚಿದ. ಆಯ್ತಪ್ಪ ಸ್ವಲ್ಪ ಹತ್ತಿಯನ್ನು ನೀರಲ್ಲಿ ಅದ್ದಿ, ಹಿಂಡಿ, ಅವನ ತುಟಿ ಒರೆಸಿದ. ಆಮೇಲೆ ಬಿಸಿಲು ಹೊದಿಕೆಯಿಂದ ಇಳಿದು ನೆಲದುದ್ದಕ್ಕೂ ಸಾಗಿ ಗೋಡೆ ಹತ್ತುವವರೆಗೂ ಅಲ್ಲೇ ಕುಳಿತಿದ್ದ. ಅಣ್ಣ ಮತ್ತೆ ಮತ್ತೆ ಕೇಳಿದ. ಕೇಳಿದಾಗಲೆಲ್ಲ ಆಯ್ತಪ್ಪ ಬೇಡವೆಂದ, ಹತ್ತಿ ಅದ್ದಿದ. ಕೊನೆಗೆ ಸಿಸ್ಟರ್ ಬಂದು ಇನ್ನು ಕೊಡಬಹುದು ಎಂದ ಮೇಲೆ, ಅಣ್ಣನ ಕತ್ತಿನ ಕೆಳಗೆ ಕೈಯಿಟ್ಟು ಎತ್ತಿ, ಚಮಚದಲ್ಲಿ ಮೊದಲ ಗುಟುಕು ಕುಡಿಸಿದ.